ಬಿಚ್ಚುವುದಕ್ಕೆ ಎರಡು ಮಾತು

ಕನ್ನಡದಲ್ಲಿ ನಾವು ಹೊಲಿಗೆಯನ್ನೂ ಬಿಚ್ಚುತ್ತೇವೆ, ಮೈಮೇಲಿನ ಬಟ್ಟೆಯನ್ನೂ ಬಿಚ್ಚುತ್ತೇವೆ. ಗಂಟು, ಮೂಟೆ, ಜಡೆ, ಹೂವಿನ ಪೊಟ್ಟಣ, ಎಲ್ಲಕ್ಕೂ ಅದೊಂದೇ ಮಾತು ಸಾಕು. ಎಂಟು ವರ್ಷದವಳಿದ್ದಾಗ ನಾನು ಆ ಮಾತನ್ನು ಅಳುತ್ತಾ ಅರ್ಧಂಬರ್ಧ ಹೇಳಿದೆ. ಅದರಿಂದ ಒಬ್ಬ ಮನುಷ್ಯನ ಬದುಕು ಹಾಳಾಯಿತು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನಗೆ ದಾಟಿದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಆತ ಏನೂ ಮಾಡಿರಲಿಲ್ಲ.

ತೊಂಬತ್ತರ ದಶಕದ ಶುರು. ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ನಮ್ಮೂರಿನಲ್ಲಿ ಬಾಯಿ ಕನ್ನಡದ್ದು, ಕಾಗದ ತಮಿಳಿನದು. ನಾನು ಓದುತ್ತಿದ್ದುದು ಕನ್ನಡ ಶಾಲೆ. ತಮಿಳು ಬರುತ್ತಿತ್ತು ಅಂತ ಹೇಳಬಹುದು, ಅಂಗಡಿಗೆ ಹೋಗಿ ಬೆಲ್ಲ ತರುವಷ್ಟು, ಬಸ್ಸಿನ ಬೋರ್ಡು ಓದುವಷ್ಟು. ಅದಕ್ಕಿಂತ ಹೆಚ್ಚು ಬೇಕಾಗಬಹುದು ಅಂತ ಎಂಟು ವರ್ಷದವಳಿಗೆ ಯಾಕೆ ಅನ್ನಿಸುತ್ತದೆ?

ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ ನಮ್ಮ ದೊಡ್ಡಪ್ಪನ ಹಳೆಯ ಮನೆಯಿತ್ತು. ಅದರ ಜಗಲಿಯ ಮೇಲೆ ಟೈಲರ್ ತಾತನ ಮಿಷನ್ನು. ತಾತ ಅನ್ನುವುದು ಅವರ ಎದುರಿಗೆ ಮಾತ್ರ. ಮನೆಯಲ್ಲಿ ಹಾಗಂದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು, "ಟೈಲ್ರ ಅನ್ನು ಸಾಕು" ಅನ್ನುತ್ತಿದ್ದಳು. ಅವರ ಅಪ್ಪ, ಅವರಪ್ಪನ ಅಪ್ಪ, ಎಲ್ಲರೂ ನಮ್ಮಂಥವರ ಹೊಲದಲ್ಲಿ ಕೂಲಿ ಮಾಡಿದವರು. ಇವರೊಬ್ಬರು ಕೊಳ್ಳೇಗಾಲಕ್ಕೆ ಹೋಗಿ ಹೊಲಿಗೆ ಕಲಿತು ಬಂದು, ಒಕ್ಕಲು ಮನೆಯ ಜಗಲಿ ಹತ್ತಿದ್ದರು. ಹತ್ತಿದ್ದನ್ನು ಊರು ಒಪ್ಪಿತ್ತು, ಆದರೆ ಮರೆತಿರಲಿಲ್ಲ. ಒಂದು ಸಣ್ಣ ವಿಷಯ ಇಲ್ಲೇ ಹೇಳಬೇಕು. ಹೆಣ್ಣುಮಕ್ಕಳ ಅಳತೆಯನ್ನು ಅವರು ತಾವಾಗಿ ತೆಗೆಯುತ್ತಿರಲಿಲ್ಲ. ಟೇಪನ್ನು ಹೆಂಡತಿಯ ಕೈಗೆ ಕೊಟ್ಟು, ತಾವು ಆ ಕಡೆ ತಿರುಗಿ ಕೂತು, ಆಕೆ ಹೇಳಿದ ಅಂಕಿಯನ್ನು ಸೀಮೆಸುಣ್ಣದಲ್ಲಿ ಮಿಷನ್ನಿನ ಹಲಗೆಯ ಮೇಲೆ ಬರೆದುಕೊಳ್ಳುತ್ತಿದ್ದರು. ಊರಿನ ಪ್ರತಿಯೊಬ್ಬ ಹೆಂಗಸಿಗೂ ಇದು ಗೊತ್ತಿತ್ತು. ಬೇಕಾದಾಗ ಒಬ್ಬರಿಗೂ ನೆನಪಾಗಲಿಲ್ಲ.

ಆ ವರ್ಷ ದೀಪಾವಳಿಗೆ ಮುಂಚೆ ಒಂದು ಸುದ್ದಿ ಬಸ್ಸು ಹತ್ತಿ ಬಂತು. ಯಾವುದೋ ಊರಿನಲ್ಲಿ ಯಾವನೋ ಒಬ್ಬ ಚಿಕ್ಕ ಹುಡುಗಿಯನ್ನು ಕೆಡಿಸಿದನಂತೆ. ಮೊದಲು ಬಂದಾಗ ಅದು ಸತ್ಯಮಂಗಲದ ಆಚೆಯ ಊರು. ಎರಡು ದಿನ ಬಿಟ್ಟು ಘಾಟಿಯ ನೆತ್ತಿಯ ದಿಂಬಂನ ಟೀ ಅಂಗಡಿಯಲ್ಲಿ ಕೇಳಿ ಬಂದವರ ಬಾಯಲ್ಲಿ ಅದು ಘಾಟಿ ಹತ್ತಿತ್ತು. ವಾರದೊಳಗೆ ನಮ್ಮ ಪಕ್ಕದೂರಿನದೇ ಆಗಿತ್ತು. ಆ ಹುಡುಗಿಯನ್ನು ನೋಡಿದವರಿಲ್ಲ, ಅವಳ ಅಪ್ಪ ಅಮ್ಮ ಯಾರು ಅಂತ ಗೊತ್ತಿದ್ದವರಿಲ್ಲ. ಆದರೂ ತಾಯಂದಿರು ಹೊಲಕ್ಕೆ ಹೋಗುವಾಗ ನಮ್ಮನ್ನು ಒಳಗೆ ಕೂಡಿ ಚಿಲಕ ಹಾಕತೊಡಗಿದರು. ನಾವು ಕಿಟಕಿಯ ಸರಳು ಹಿಡಿದುಕೊಂಡು ಎದುರು ಮನೆಯ ಕಿಟಕಿಯಲ್ಲಿದ್ದ ಮಕ್ಕಳಿಗೆ ನಾಲಗೆ ಚಾಚುತ್ತಿದ್ದೆವು.

ಹಬ್ಬದ ಹಿಂದಿನ ದಿನ ನನ್ನ ಲಂಗ ತರಲು ಹೋದೆ. ಹಸಿರು ಲಂಗ, ಕೆಂಪು ಅಂಚು. ಹಳೆಯ ಲಂಗದ ಮೇಲೇ ಅದನ್ನು ಹಾಕಿಕೊಂಡು ಜಗಲಿಯ ಮೇಲೆ ಗಿರಗಿರ ಸುತ್ತಿದೆ. ಅಂಗಿಯೊಂದಕ್ಕೆ ಗುಂಡಿ ಹಾಕುತ್ತಾ ಕೂತಿದ್ದ ತಾತನ ಹೆಂಡತಿ ನಕ್ಕರು. ತಾತ ಮಾತ್ರ ಕನ್ನಡಕ ಸರಿಮಾಡಿಕೊಂಡು ಅಂಚನ್ನೇ ನೋಡಿದರು.

"ಕುಂಟ್ತಾ ಅದ ಕಣವ್ವ. ಒಂದ್ ಕಡೆ ಇಳ್ದದ. ತಗ್ದುಕೊಡು."

"ಬ್ಯಾಡ ತಾತ, ಇಂಗೇ ಇರ್ಲಿ."

"ಅಬ್ಬದ ದಿನ ನನ್ ಒಲಿಗೆ ಕುಂಟಬಾರ್ದು."

ತೆಗೆದುಕೊಟ್ಟೆ. ಅವರು ಅರ್ಧ ಬ್ಲೇಡು ಹಿಡಿದು ಸೊಂಟದ ಪಟ್ಟಿಯನ್ನೂ ಅಂಚನ್ನೂ ಸರಸರನೆ ಬಿಚ್ಚಿಬಿಟ್ಟರು. ನನ್ನ ಕಣ್ಣೆದುರಿಗೇ ಲಂಗ ಮೂರು ತುಂಡು ಬಟ್ಟೆಯಾಯಿತು. ನಾಳೆ ಹಬ್ಬ! ನಾನು ಬೇಡ ಬೇಡ ಅಂತ ಕಿರುಚಿದೆ, ಜಗಲಿಗೆ ಒದ್ದೆ. "ಒತ್ತಾರೆಗೆ ಮನೆ ಬಾಗ್ಲಿಗೇ ತಂದ್ಕೊಡ್ತೀನಿ, ಅಳ್ಬ್ಯಾಡ ಕಣವ್ವ" ಅಂದರು. ನನಗೆ ಕೇಳುವ ತಾಳ್ಮೆ ಎಲ್ಲಿತ್ತು? ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು, ಈಗಲೂ ಇದೆ. ಹಾಕಿ ತೆಗೆಯುವಾಗ ಸಡಿಲವಾಗಿದ್ದ ಹಳೆಯ ಲಂಗದ ಲಾಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅಳುತ್ತಾ ಓಡಿದೆ.

ನಲ್ಲಿಯ ಹತ್ತಿರ ದೊಡ್ಡವ್ವ ಇದ್ದಳು, ಜೊತೆಗೆ ಕೊಡ ಹಿಡಿದು ನಿಂತ ಆರೇಳು ಹೆಂಗಸರು. ದೊಡ್ಡವ್ವ ನನ್ನನ್ನು ತಡೆದು ನಿಲ್ಲಿಸಿದಳು.

"ಯಾಕಮ್ಮಿ, ಏನಾಯ್ತು?"

"ಟೈಲ್ರು ನನ್ ಲಂಗ ಬಿಚ್ಚ್‌ಬುಟ್ರು!"

ನಲ್ಲಿಯ ಕೆಳಗಿದ್ದ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ತೆಗೆಯಲಿಲ್ಲ. ದೊಡ್ಡವ್ವನ ಕಣ್ಣು ನನ್ನ ಮುಖದಿಂದ ಲಾಡಿ ಹಿಡಿದ ಕೈಗೆ ಇಳಿಯಿತು.

"ಬಿಚ್ಚ್‌ಬುಟ್ನಾ?"

"ಊ. ಬ್ಯಾಡ ಬ್ಯಾಡ ಅಂದ್ರೂ ಬಿಚ್ಚ್‌ಬುಟ್ರು. ಬ್ಲೇಡ್ ತಕ್ಕಂಡು."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಲ್ಲಿದ್ದ ಹೆಂಗಸರೂ ಕೆಟ್ಟವರಲ್ಲ. ಹದಿನೈದು ದಿನದಿಂದ ಅವರೆಲ್ಲ ಭಯವನ್ನು ಸೊಂಟದಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದರು. ಅದು ಕೊನೆಗೂ ನಮ್ಮ ಊರಿಗೇ ಬಂತು ಅಂತ ತಿಳಿದರು. ದೊಡ್ಡವ್ವ ಬಾಯಿ ಬಡಿದುಕೊಂಡಳು, ನನ್ನನ್ನು ತಬ್ಬಿಕೊಂಡಳು. ನನಗೆ ಮೊದಲು ಖುಷಿಯೇ ಆಯಿತು. ಒಂದು ಲಂಗಕ್ಕೆ ಇಷ್ಟೊಂದು ಜನ ಅಳುತ್ತಾರಲ್ಲ ಅಂತ.

ಮುಂದಿನದು ಅರ್ಧ ಗಂಟೆಯಲ್ಲಿ ಮುಗಿಯಿತು. ದೊಡ್ಡಪ್ಪ ಹೊರಟ, ಹೊಲದಿಂದ ಅಪ್ಪನನ್ನು ಕರೆಸಿದರು, ದಾರಿಯಲ್ಲಿ ಸಿಕ್ಕವರೆಲ್ಲ ಜೊತೆಯಾದರು. ನನ್ನ ಅಪ್ಪ ಎತ್ತಿಗೂ ಗದರದ ಮನುಷ್ಯ. ಅವತ್ತು ಒನಕೆ ತೆಗೆದುಕೊಂಡು ಹೋದ. ಹಿಂದೆಯೇ ಬಂದ ದೊಡ್ಡವ್ವನ ಸೆರಗಿನೊಳಗಿಂದ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ತಾತನ ಹೆಂಡತಿ ಕೂಗುತ್ತಿದ್ದರು, "ನಾನಿಲ್ವಾ ಅಲ್ಲೇ! ನಾ ಕುಂತಿದ್ನಲ್ಲ ಪಕ್ಕದಲ್ಲೇ! ಒಲಿಗೆ ಕಣ್ರಪ್ಪೋ, ಒಲಿಗೆ!" ಅದಕ್ಕೆ ದೊಡ್ಡಪ್ಪ, "ಗಂಡನ್ನ ಬುಟ್ಟುಕೊಡ್ತಳಾ ಇವ್ಳು?" ಅಂದ. ಮಿಷನ್ನನ್ನು ಜಗಲಿಯಿಂದ ಕೆಳಗೆ ಉರುಳಿಸಿದರು. ಅದರ ಜೊತೆ ನನ್ನ ಲಂಗದ ಮೂರು ತುಂಡುಗಳೂ ಮಣ್ಣಿಗೆ ಬಿದ್ದವು. ಎಲ್ಲರ ಕಾಲಕೆಳಗೇ ಬಿದ್ದಿದ್ದವು. ಬಗ್ಗಿ ನೋಡಿದ್ದರೆ ಸಾಕಿತ್ತು. ಇದನ್ನು ಬರೆಯುವಾಗ ನನಗೆ ಈಗಲೂ ಕೂಗಬೇಕು ಅನ್ನಿಸುತ್ತದೆ: ಅಯ್ಯೋ, ಒಬ್ಬರಾದರೂ ಬಗ್ಗಿ ನೋಡಬಾರದಾಗಿತ್ತೇ!

ಅವ್ವ ಆಚೆ ಹೊಲದಲ್ಲಿ ಅವರೆ ಬಿಡಿಸುತ್ತಿದ್ದಳು, ಸುದ್ದಿ ತಲುಪುವುದು ತಡವಾಯಿತು. ಬಂದವಳೇ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅವಳು ಬೇರೆಯವರ ಹಾಗೆ ಕೇಳಲಿಲ್ಲ.

"ಒಸಾ ಲಂಗ ಎಲ್ಲಮ್ಮಿ?"

ಹೇಳಿದೆ. ಅಂಚು ಕುಂಟಿದ್ದು, ಬಿಚ್ಚಿದ್ದು, ನಾಳೆ ಬೆಳಿಗ್ಗೆ ತಂದುಕೊಡುತ್ತೇನೆ ಅಂದದ್ದು. ಹೇಳುತ್ತಾ ಹೋದ ಹಾಗೆ ಅವ್ವನ ಕೈ ನನ್ನ ತಲೆಯ ಮೇಲೇ ನಿಂತುಹೋಯಿತು. ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಅಪ್ಪ ಊದಿಕೊಂಡ ಮುಷ್ಟಿಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು ಕೂತಿದ್ದ. ಅವರ ಪಿಸುಮಾತು ಕೇಳಿಸಲಿಲ್ಲ. ಕೊನೆಗೆ ಅಪ್ಪ ಅಂದದ್ದು ಮಾತ್ರ ಕೇಳಿಸಿತು.

"ಈಗ ಏನ್ ಮಾಡಕ್ಕಾಯ್ತದ? ಅವ್ನ ಕೈ ಮುರ್ದಾಗದ."

ಅವ್ವ ಒಳಗೆ ಬಂದು ನನ್ನ ಜಡೆ ಹೆಣೆಯಲು ಕೂತಳು. ಮೊದಲೇ ಹೆಣೆದಿದ್ದ ಜಡೆ ಅದು. ಅದನ್ನು ಬಿಚ್ಚಿ ಮತ್ತೆ ಹೆಣೆಯುತ್ತಾ, "ನಿಂಗೆ ಸರ್ಯಾಗಿ ನೆಪ್ಪಿಲ್ಲ ಕಣಮ್ಮಿ. ಎದ್ರಿಕಂಡಿದ್ದೆ" ಅಂದಳು. ನನಗೆ ಚೆನ್ನಾಗಿ ನೆನಪಿತ್ತು. ಆದರೆ ಹಾಗೆ ಹೇಳುತ್ತಿದ್ದವಳು ನನ್ನ ಅವ್ವ. ಅಪ್ಪ ಹೊಡೆದಾದ ಮೇಲೆ ಅದು ನಿಜವಾಗಲೇಬೇಕಿತ್ತು, ಇಲ್ಲದಿದ್ದರೆ ನಿರಪರಾಧಿಯ ಕೈ ಮುರಿದವನು ನನ್ನ ಅಪ್ಪನಾಗುತ್ತಿದ್ದ. ಅವ್ವ ಆರಿಸಿಕೊಂಡಳು. ಅವಳನ್ನು ಕ್ಷಮಿಸಿದ್ದೇನೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ ಅಂತ ಒಮ್ಮೊಮ್ಮೆ ಹೆದರುತ್ತೇನೆ.

ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದವರು ತಮಿಳಿನವರು, ಹಿತವಾಗಿಯೇ ಮಾತಾಡಿದರು. ದೊಡ್ಡಪ್ಪ ಅವರಿಗೆ ತಮಿಳಿನಲ್ಲಿ ಎಲ್ಲವನ್ನೂ ಹೇಳಿದ್ದ. ತಮಿಳಿನಲ್ಲಿ ಬಿಚ್ಚುವುದಕ್ಕೆ ಎರಡು ಮಾತಿದೆ. ಹೊಲಿಗೆಯನ್ನು ಬಿಚ್ಚಿದರೆ 'ಪಿರಿಚ್ಚಾರು', ಉಟ್ಟದ್ದನ್ನು ಬಿಚ್ಚಿದರೆ 'ಅವುತ್ತಾರು'. ದೊಡ್ಡಪ್ಪ ಎರಡನೆಯದನ್ನು ಆರಿಸಿದ್ದ. ಅವನ ಮಟ್ಟಿಗೆ ಬೇರೆ ಅರ್ಥವೇ ಇರಲಿಲ್ಲ. ಬರೆದುಕೊಳ್ಳುತ್ತಿದ್ದವರು ನನ್ನ ಕಡೆ ಬಗ್ಗಿ ಕೇಳಿದರು.

"ಪಾವಾಡೈ ಅವುತ್ತಾರಾಮ್ಮಾ?"

ಪಾವಾಡೈ ಅಂದರೆ ಲಂಗ ಅಂತ ಗೊತ್ತಿತ್ತು. ಇನ್ನೊಂದು ಮಾತು ಗೊತ್ತಿರಲಿಲ್ಲ. ಬಿಚ್ಚಿದರಾ ಅಂತಲೇ ಇರಬೇಕು ಅಂದುಕೊಂಡು ತಲೆಯಾಡಿಸಿದೆ. ನನಗೆ ಆ ಮಾತು ಗೊತ್ತಿರಲಿಲ್ಲ, ಅದಕ್ಕೇ ಹಾಗಾಯಿತು ಅಂತ ಹೇಳಿಕೊಂಡು ಎಷ್ಟೋ ವರ್ಷ ಕಳೆದೆ. ಅದು ಪೂರ್ತಿ ನಿಜವಲ್ಲ. ಏನೋ ಬೇರೆಯದೇ ನಡೆಯುತ್ತಿದೆ, ನಾನು ಹೇಳಿದ್ದಕ್ಕಿಂತ ದೊಡ್ಡದು ಅಂತ ನನಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. "ಹೊಲಿಗೆ" ಅಂತ ಒಂದು ಮಾತು ಸೇರಿಸಬಹುದಿತ್ತು. ಪಕ್ಕದಲ್ಲಿ ನಿಂತಿದ್ದ ಅಪ್ಪ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದ. ನಾನು ಆ ಮಾತನ್ನು ಸೇರಿಸಲಿಲ್ಲ.

ತಾತನನ್ನು ಘಾಟಿಯ ಕೆಳಗೆ ಜೈಲಿಗೆ ಕರೆದುಕೊಂಡು ಹೋದರು. ದೀಪಾವಳಿ ಮುಗಿದ ಮೇಲೆ ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬಕ್ಕೆ ಬಂದಿದ್ದ ನೆಂಟರು ವಾಪಸ್ ಹೋಗುವಾಗ ಈ ಸುದ್ದಿಯನ್ನೂ ಗಂಟು ಕಟ್ಟಿಕೊಂಡು ಹೋದರು. ಈ ಸಲ ಸುದ್ದಿಗೆ ಊರಿತ್ತು, ಮನೆಯಿತ್ತು, ಹುಡುಗಿ ಇದ್ದಳು. ತಾತನಲ್ಲಿ ಬಟ್ಟೆ ಹೊಲಿಸಿದ್ದ ಹುಡುಗಿಯರನ್ನೆಲ್ಲ ತಾಯಂದಿರು ಕೂರಿಸಿಕೊಂಡು ಕೇಳಿದರು. ಇಲ್ಲ ಅಂದರೆ ಮತ್ತೆ ಕೇಳಿದರು. ಇಲ್ಲ ಅಂದಷ್ಟೂ ಮಗು ಹೆದರಿದೆ ಅಂತ ಅರ್ಥ. ಕೊನೆಗೆ ನನ್ನ ತರಗತಿಯ ಮೂವರು ಹುಡುಗಿಯರಿಗೆ ಏನೇನೋ ನೆನಪಾಯಿತು. ಒಬ್ಬಳು ಆಮೇಲೆ ಶಾಲೆಯ ಹಿಂದೆ ನನಗೆ ಹೇಳಿದಳು, "ಊ ಅನ್ನೋಗಂಟ ಉಣ್ಣಾಕ್ಕೆ ಇಡ್ನಿಲ್ಲ ಕಣಮ್ಮಿ." ಬಳೆಗಾರ ಬಂದರೆ ಹುಡುಗಿಯರ ಕೈ ಹಿಡಿಯುತ್ತಾನೆ ಅಂತ ಅವನನ್ನು ಊರಾಚೆಯೇ ನಿಲ್ಲಿಸಿದರು. ನಾಲ್ಕು ತಲೆಮಾರಿನಿಂದ ನಮ್ಮ ಮನೆಗಳಿಗೆ ಬಳೆ ತೊಡಿಸಿದ ಮನೆತನ ಅದು. ಬಿದ್ದು ಮಂಡಿ ಒಡೆದುಕೊಂಡ ಮಕ್ಕಳನ್ನು ನಮ್ಮ ಮೇಷ್ಟ್ರು ಎತ್ತುವುದನ್ನು ಬಿಟ್ಟರು. ದೂರ ನಿಂತು "ಎದ್ದೇಳು, ಎದ್ದೇಳು" ಅನ್ನುತ್ತಿದ್ದರು.

ಮೂರು ತಿಂಗಳಿಗೆ ಜಾಮೀನು ಸಿಕ್ಕಿತು. ಊರಿಗೆ ಕಾಲಿಡಬೇಡ ಅಂತ ಊರವರು ಹೇಳಿ ಕಳಿಸಿದ್ದರಿಂದ ಗಂಡ ಹೆಂಡತಿ ಇಬ್ಬರೂ ಜೀರಹಳ್ಳಿಯಲ್ಲಿದ್ದ ಮಗಳ ಮನೆ ಸೇರಿದರು. ಕೇಸು ಒಂದೂವರೆ ವರ್ಷ ನಡೆಯಿತು.

ಕೋರ್ಟಿಗೆ ಹೋದ ದಿನ ಘಾಟಿಯ ಒಂದೊಂದು ತಿರುವಿಗೂ ನಾನು ವಾಂತಿ ಮಾಡಿಕೊಂಡೆ. ದಾರಿಯುದ್ದಕ್ಕೂ ದೊಡ್ಡವ್ವ ನಾನು ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಅಲ್ಲಿ ತಾತನನ್ನು ನೋಡಿದೆ. ತೊಳೆದ ಬಿಳಿ ಅಂಗಿ ಹಾಕಿದ್ದರು. ಬಲಗೈಯ ಬೆರಳುಗಳು ಮಡಚಿಕೊಂಡೇ ಇದ್ದವು, ನೇರವಾಗುತ್ತಿರಲಿಲ್ಲ. ನನ್ನ ಕಡೆ ಅವರು ನೋಡಲಿಲ್ಲ. ಅವರ ಪರವಾಗಿ ಇದ್ದ ವಕೀಲರು ವಯಸ್ಸಾದವರು, ಕನ್ನಡ ಬಲ್ಲವರು. ನನ್ನ ಹತ್ತಿರ ಬಂದು ಕನ್ನಡದಲ್ಲೇ ಕೇಳಿದರು.

"ಏನನ್ನ ಬಿಚ್ಚಿದರಮ್ಮ?"

ಅಷ್ಟು ದಿನ ಬಿಚ್ಚಿದರಾ, ಎಲ್ಲಿ ಬಿಚ್ಚಿದರು, ಎಷ್ಟು ಸಲ ಬಿಚ್ಚಿದರು ಅಂತ ಕೇಳಿದವರೇ ಎಲ್ಲರೂ. ಏನನ್ನ ಅಂತ ಕೇಳಿದವರು ಅವರೊಬ್ಬರೇ. ನನ್ನ ಬಾಯಿಪಾಠದಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಅದಕ್ಕೇ ನಿಜ ಬಂತು.

"ಒಲಿಗೆನ" ಅಂದೆ.

ಆಮೇಲೆ ಎಲ್ಲವನ್ನೂ ಹೇಳಿದೆ. ವಕೀಲರು ನ್ಯಾಯಾಧೀಶರ ಕಡೆ ತಿರುಗಿ ಅದನ್ನು ತಮಿಳಿನಲ್ಲಿ ಹೇಳುವಾಗ 'ಪಿರಿಚ್ಚಾರು' ಅನ್ನುವ ಮಾತನ್ನು ಮೊದಲ ಸಲ ಕೇಳಿದೆ. ಹಿಂದಿನ ಬೆಂಚಿನಲ್ಲಿ ತಾತನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡರು. ವಾಪಸ್ ಬರುವಾಗ ದಿಂಬಂನಲ್ಲಿ ಬಸ್ಸು ನಿಂತಿತು. ಅಪ್ಪ ಇಳಿದು ಹೋಗಿ ಒಂದು ವಡೆ ತಂದು ನನ್ನ ಕೈಗಿಟ್ಟು "ತಿನ್ನು" ಅಂದ. ಅವತ್ತು ಅವನು ಆಡಿದ್ದು ಅದೊಂದೇ ಮಾತು. ವಡೆ ಬಿಸಿಯಾಗಿತ್ತು, ರುಚಿಯಾಗಿತ್ತು. ರುಚಿಯಾಗಿತ್ತು ಅನ್ನುವುದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ತಾತನನ್ನು ಬಿಡುಗಡೆ ಮಾಡಿದರು. ಊರು ಬಿಡುಗಡೆ ಮಾಡಲಿಲ್ಲ. "ಬುಟ್ಟವ್ರೆ ಅಂದ್ರೆ ಮಾಡಿಲ್ಲ ಅಂತಲ್ಲ, ಸಾಕ್ಷಿ ಸಾಲ್ದೇ ಬುಟ್ಟವ್ರೆ" ಅಂದಳು ದೊಡ್ಡವ್ವ. ಆ ಮಗು ಮಾತು ಬದಲಾಯಿಸಿತು ಅಂದವರೂ ಇದ್ದರು. ಆ ಮಗು ನಾನೇ. ಅಪ್ಪ ಹೋಗಿ ತಪ್ಪಾಯಿತು ಅಂತ ಹೇಳಲಿಲ್ಲ, ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ಸಂತೆಯಲ್ಲಿ ನಾನು ತಾತನನ್ನು ಎರಡು ಸಲ ನೋಡಿದೆ. ಎದುರಿಗೆ ಮಕ್ಕಳು ಬಂದರೆ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ರಸ್ತೆಯ ಆ ಬದಿಗೆ ಸರಿದು, ಮಕ್ಕಳು ದಾಟುವವರೆಗೂ ನಿಂತಿರುತ್ತಿದ್ದರು. ಎರಡನೆಯ ಸಲ ಎದುರಿಗೆ ಬಂದದ್ದು ನಾನು. ಬಾಯಿ ತೆರೆಯುವಷ್ಟರಲ್ಲಿ ಅವರು ಬಾಳೆಕಾಯಿ ಗಾಡಿಯ ಹಿಂದೆ ಹೋಗಿಬಿಟ್ಟಿದ್ದರು.

ಹದಿನಾರು ತುಂಬಿದ ವರ್ಷ, ಮನೆಯಲ್ಲಿ ಯಾರಿಗೂ ಹೇಳದೆ ಜೀರಹಳ್ಳಿಯ ಬಸ್ಸು ಹತ್ತಿದೆ. ಕ್ಷಮೆ ಕೇಳಬೇಕು ಅಂತ. ಮನೆ ಹುಡುಕಿಕೊಂಡು ಹೋದರೆ ತಾತನ ಹೆಂಡತಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹಣೆ ಬರಿದಾಗಿತ್ತು. ತಾತ ಹೋಗಿ ಮೂರು ತಿಂಗಳಾಗಿತ್ತು.

ನನ್ನ ಗುರುತು ಅವರಿಗೆ ತಕ್ಷಣ ಸಿಕ್ಕಿತು. "ಕುಂತ್ಕವ್ವ" ಅಂದರು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹೋಗಿ, "ತಪ್ಪಾಯ್ತು" ಅನ್ನುವುದೊಂದೇ ಉಳಿಯಿತು. ಅದನ್ನೇ ಮೂರು ಸಲ ಹೇಳಿದೆ. ಅವರು ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು.

"ಅವ್ರಿಗೆ ಏಳ್ಬೇಕಾಗಿತ್ತು ಕಣವ್ವ. ನಂಗ್ಯಾಕ್ ಏಳೀಯೆ? ನಂಗೆ ಗೊತ್ತಿತ್ತಲ್ಲ. ನಾ ಅಲ್ಲೇ ಕುಂತಿದ್ನಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನು ಅಳುತ್ತಿದ್ದೆ, ಹಗುರವಾಗುತ್ತಿದ್ದೆ. ಅವರು ಟೀ ಇಡಲು ಒಳಗೆ ಎದ್ದುಹೋದರು.

ಅಷ್ಟರಲ್ಲಿ ಹೊರಗೆ ಆಡುತ್ತಿದ್ದ ಹುಡುಗಿ ಓಡಿಬಂದಳು. ಮಗಳ ಮಗಳು, ಐದಾರು ವರ್ಷ ಇರಬಹುದು, ತಾತ ಬಿಡುಗಡೆಯಾಗಿ ಬಂದ ಮೇಲೆ ಹುಟ್ಟಿದವಳು. ಹಲ್ಲು ಬಿದ್ದ ಬಾಯಿ. ಹೆದರಿಕೆಯಿಲ್ಲದೆ ನನ್ನ ಪಕ್ಕ ಬಂದು ಕೂತು ನನ್ನ ಬಳೆ ಎಣಿಸತೊಡಗಿದಳು.

"ನಿಂಗೆ ನಮ್ ತಾತ ಗೊತ್ತಾ?"

"ಗೊತ್ತು."

"ನಿನ್ನ ಮಾತಾಡುಸ್ತಿತ್ತಾ?"

"ಊ. ಮಾತಾಡುಸ್ತಿದ್ರು."

ಅವಳು ಇನ್ನೊಂದು ಬಳೆ ಸರಿಸಿದಳು.

"ನನ್ನ ಒಂದ್ ದಿನಾನೂ ಎತ್ಕಳ್ನಿಲ್ಲ. ತೊಡೆ ಮ್ಯಾಲ್ ಕುಂತ್ಕಳಕ್ಕೋದ್ರೆ ಎದ್ದೋಗ್ಬುಡದು. ನಂಗೇ ಮಾತ್ರ ಅಂಗ್ ಮಾಡದು. ತಾತಂಗೆ ನನ್ ಕಂಡ್ರೆ ಆಯ್ತಿರ್ನಿಲ್ಲ."

ಇಲ್ಲ, ಹಾಗಲ್ಲ ಅಂತ ಹೇಳಲು ಅವಳ ಕೈ ಹಿಡಿದುಕೊಂಡೆ. ನನಗೆ ಗೊತ್ತಿದ್ದ ಕಾರಣವನ್ನು ಈ ಮಗುವಿಗಾದರೂ ಹೇಳಬೇಕು, ಹೇಗಾದರೂ ಹೇಳಬೇಕು. ತಲೆಯೆತ್ತಿದರೆ ಟೀ ಲೋಟ ಹಿಡಿದ ಅವಳ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಬ್ಯಾಡ" ಅಂದರು. "ಆ ಮಾತ್ನ ಮಗೀನ ಕಿವೀಗೆ ಆಕ್ಬ್ಯಾಡ. ಕೇಳ್ಕತೀನಿ ನಿನ್ನ."

ಹುಡುಗಿ ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಮತ್ತೆ ಬಳೆ ಎಣಿಸತೊಡಗಿದಳು. ನಾನು ಟೀ ಕುಡಿದು ಎದ್ದು ಬಂದೆ. ಅವಳಿಗೀಗ ಮದುವೆಯಾಗಿ ಮಕ್ಕಳಿರುವ ವಯಸ್ಸು. ತಾತನಿಗೆ ತಾನು ಬೇಡವಾಗಿದ್ದೆ ಅಂತಲೇ ಅವಳು ಈಗಲೂ ತಿಳಿದುಕೊಂಡಿರಬೇಕು.